‘ಅವನಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ’

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು, ಅಡಿಕೆ ತೋಟ ಇದೆ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಹೇಳುತ್ತಾನೆ, ಬರೆಯಲು ಕೂತರೆ ಮಾತ್ರ ಆಗುವುದಿಲ್ಲ. ಅರ್ಧ ಗಂಟೆಯ ಹೋಂವರ್ಕ್ ಮುಗಿಯುವಾಗ ರಾತ್ರಿ ಒಂಬತ್ತೂವರೆ. ಈ ಮಳೆಗಾಲದಲ್ಲಿ ಆಗಲೇ ಮೂರು ಕೊಡೆ ಕಳೆದಿದ್ದಾನೆ. ಕ್ಲಾಸಿನಲ್ಲಿ ಕೂತಲ್ಲಿ ಕೂರುವುದಿಲ್ಲ, ಬೇರೆಯವರನ್ನು ಕೇಳಿದ ಪ್ರಶ್ನೆಗೆ ಇವನೇ ಕೂಗಿ ಉತ್ತರ ಹೇಳುತ್ತಾನೆ ಅಂತ ದೂರು. ಆದರೆ ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲ್ಲಾಡುವುದಿಲ್ಲ. ಟೀಚರ್ ‘ಎಡಿಎಚ್‌ಡಿ ಇರಬಹುದು, ಡಾಕ್ಟರಿಗೆ ತೋರಿಸಿ’ ಅಂದರು. ಮಾವನವರು ‘ಅವನಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ, ಆಮೇಲೆ ಸರಿಹೋದ’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಯಜಮಾನರು ಸರಿಹೋಗಿಲ್ಲ. ಹೋದ ವರ್ಷ ಮೈಲುತುತ್ತ ತಂದಿಟ್ಟು, ಔಷಧಿ ಹೊಡೆಯುವವರಿಗೆ ಹೇಳಲು ಮರೆತು, ಮಳೆ ಹಿಡಿದು ತೋಟಕ್ಕೆ ಕೊಳೆ ರೋಗ ಬಂತು. ಇದು ಕಾಯಿಲೆಯಾ? ಮಾತ್ರೆ ಕೊಟ್ಟರೆ ಮಗ ಮಂಕಾಗುತ್ತಾನಾ? ನಾನು ಸಾಕಿದ್ದರಲ್ಲೇ ತಪ್ಪಾಗಿದೆಯಾ?

— ಒಬ್ಬ ತಾಯಿ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಜಾಸ್ತಿ ಕೊರೆಯುತ್ತಿರುವುದು ಅದೇ ಅನ್ನಿಸಿತು. ಇಲ್ಲ, ನೀವು ಸಾಕಿದ್ದರಲ್ಲಿ ತಪ್ಪಿಲ್ಲ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸಲು, ಚಡಪಡಿಕೆ ಮತ್ತು ದುಡುಕನ್ನು ತಡೆದುಕೊಳ್ಳಲು ಕಷ್ಟವಾಗುವ ತೊಂದರೆ, ಮುದ್ದು ಜಾಸ್ತಿಯಾಗಿ ಬರುವುದಲ್ಲ, ಪೆಟ್ಟು ಕಡಿಮೆಯಾಗಿ ಬರುವುದೂ ಅಲ್ಲ. ಇದು ಹೆಚ್ಚಾಗಿ ವಂಶದಲ್ಲಿ ಹರಿದು ಬರುವಂಥದ್ದು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಈ ವಿಷಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಶೇಕಡಾ 70ರಿಂದ 80ರಷ್ಟು ವಂಶವಾಹಿಗಳಿಂದ ಬರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ, ಹುಟ್ಟುವಾಗ ತೂಕ ತೀರಾ ಕಡಿಮೆ ಇದ್ದ ಮಕ್ಕಳಲ್ಲಿ ಸಾಧ್ಯತೆ ಸ್ವಲ್ಪ ಹೆಚ್ಚು. ಮನೆಯ ವಾತಾವರಣ ಇದನ್ನು ಹುಟ್ಟಿಸುವುದಿಲ್ಲ. ಇರುವುದನ್ನು ಹಗುರ ಮಾಡಬಹುದು ಅಥವಾ ಭಾರ ಮಾಡಬಹುದು, ಅಷ್ಟೇ.

ಹಾಗಾಗಿ ಮಾವನವರ ಮಾತಿನ ಮೊದಲ ಅರ್ಧ ತುಂಬ ಬೆಲೆಯುಳ್ಳದ್ದು. ಎರಡನೇ ಅರ್ಧದ ಬಗ್ಗೆ ಆಮೇಲೆ ಮಾತಾಡೋಣ.

ಪತ್ರ ಓದಿ ನಿಮ್ಮ ಮಗನಿಗೆ ಎಡಿಎಚ್‌ಡಿ ಇದೆ ಅಂತ ಹೇಳಲು ಯಾರಿಗೂ ಆಗುವುದಿಲ್ಲ, ಹಾಗೆ ಹೇಳಲೂಬಾರದು. ಆದರೆ ನೀವು ಬರೆದಿರುವುದರಲ್ಲಿ ನೋಡಿಸಲೇಬೇಕಾದಷ್ಟು ವಿಷಯ ಇದೆ. ಟೀಚರ್ ಸರಿಯಾದ ಮಾತನ್ನೇ ಹೇಳಿದ್ದಾರೆ. ಅವರ ಮೇಲೆ ಸಿಟ್ಟು ಬೇಡ.

ಮೊದಲು ಆ ಮೊಬೈಲ್ ಸಂಗತಿ. ಎಲ್ಲರೂ ಎಡವುವುದು ಅಲ್ಲೇ. ‘ಎರಡು ಗಂಟೆ ಗೇಮ್ ಆಡುವವನಿಗೆ ಗಮನ ಇಲ್ಲ ಅಂದರೆ ಹೇಗೆ ನಂಬೋದು? ಇದು ಸೋಮಾರಿತನ’ ಅನ್ನುತ್ತಾರೆ. ಇವರಲ್ಲಿ ಗಮನ ಬತ್ತಿಹೋಗಿರುವುದಿಲ್ಲ. ತೋಟದಲ್ಲಿ ನೀರು ಇಳಿಜಾರು ಇರುವ ಕಡೆಗೆ ತಾನಾಗಿ ಓಡುತ್ತದೆ; ಬೇರೆ ಸಾಲಿಗೆ ಹರಿಸಬೇಕಾದರೆ ಯಾರಾದರೂ ಗುದ್ದಲಿ ಹಿಡಿದು ಮಣ್ಣು ಕಟ್ಟಿ ತಿರುಗಿಸಬೇಕು. ಈ ಮಕ್ಕಳಲ್ಲಿ ನೀರು ಧಾರಾಳವಾಗಿದೆ, ತಿರುಗಿಸುವ ಕೈ ಸೋಲುತ್ತದೆ. ಗೇಮಿನಲ್ಲಿ ಕ್ಷಣಕ್ಕೊಂದು ಹೊಸದು, ಕ್ಷಣಕ್ಕೊಂದು ಬಹುಮಾನ. ಅಲ್ಲಿ ತಿರುಗಿಸುವ ಕೆಲಸವೇ ಇಲ್ಲ. ಹತ್ತು ಭಾಗಾಕಾರದ ಲೆಕ್ಕದಲ್ಲಿ ಬಹುಮಾನ ಬರುವುದು ನಾಳೆ, ಅದೂ ಒಂದು ಕೆಂಪು ಟಿಕ್ ಗುರುತು.

ಮೆದುಳಿನ ಮುಂಭಾಗಕ್ಕೆ, ಅಂದರೆ ಹಣೆಯ ಹಿಂದಿರುವ ಭಾಗಕ್ಕೆ, ಈ ತಿರುಗಿಸುವ ಕೆಲಸ ಸೇರಿದ್ದು. ಅಲ್ಲಿ ಡೋಪಮಿನ್, ನಾರ್ ಅಡ್ರಿನಾಲಿನ್ ಎಂಬ ರಾಸಾಯನಿಕಗಳು ಸಂದೇಶ ಸಾಗಿಸುತ್ತವೆ. ಎಡಿಎಚ್‌ಡಿಯಲ್ಲಿ ಈ ಸಾಗಾಟದಲ್ಲಿ ವ್ಯತ್ಯಾಸ ಇರುತ್ತದೆ. 2007ರಲ್ಲಿ ಅಮೆರಿಕದಲ್ಲಿ ಮಕ್ಕಳ ಮೆದುಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ನೋಡಿದ ಒಂದು ಅಧ್ಯಯನ ಹೊರಬಂತು. ಮೆದುಳಿನ ಹೊರಪದರ ಬೆಳೆದು ದಪ್ಪವಾಗುವ ಒಂದು ಹಂತವನ್ನು ಬೇರೆ ಮಕ್ಕಳು ಸುಮಾರು ಏಳೂವರೆ ವರ್ಷಕ್ಕೆ ಮುಟ್ಟಿದರೆ, ಎಡಿಎಚ್‌ಡಿ ಇರುವ ಮಕ್ಕಳು ಸುಮಾರು ಹತ್ತೂವರೆಗೆ ಮುಟ್ಟುತ್ತಿದ್ದರು. ಬುದ್ಧಿಯ ಮಾತಲ್ಲ ಇದು, ಹಿಡಿತದ ಮಾತು. ನಿಮ್ಮ ಮಗ ಬುದ್ಧಿಯಲ್ಲಿ ಒಂಬತ್ತರವನೇ ಇರಬಹುದು, ಇನ್ನೂ ಮುಂದೆಯೇ ಇರಬಹುದು. ಆದರೆ ತನ್ನನ್ನು ತಾನು ತಡೆದುಕೊಳ್ಳುವುದರಲ್ಲಿ, ಹೇಳಿದ್ದನ್ನು ತಲೆಯಲ್ಲಿ ಹಿಡಿದುಕೊಳ್ಳುವುದರಲ್ಲಿ ಅವನಿಂದ ಆರೇಳು ವರ್ಷದವನಷ್ಟೇ ನಿರೀಕ್ಷಿಸಿ. ಈ ಒಂದು ಲೆಕ್ಕ ಇಟ್ಟುಕೊಂಡರೇ ಮನೆಯಲ್ಲಿ ಅರ್ಧ ಜಗಳ ತಗ್ಗುತ್ತದೆ.

ಬೆಳಗ್ಗೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿ. ಅಡುಗೆಮನೆಯಿಂದಲೇ ನೀವು ಕೂಗುತ್ತೀರಿ: ‘ಸಾಕ್ಸ್ ಹಾಕ್ಕೋ, ನೀರಿನ ಬಾಟ್ಲಿ ಬ್ಯಾಗಿಗೆ ಇಡು, ಡೈರಿ ತಗೊಂಡು ಬಾ, ಸೈನ್ ಹಾಕ್ತೀನಿ.’ ಅವನು ‘ಹ್ಞೂಂ’ ಅನ್ನುತ್ತಾನೆ. ಸುಳ್ಳಲ್ಲ ಆ ಹ್ಞೂಂ. ಒಳಗೆ ಹೋಗಿ ಒಂದು ಸಾಕ್ಸ್ ಹಾಕುತ್ತಾನೆ. ಇನ್ನೊಂದು ಹುಡುಕಲು ಮಂಚದ ಕೆಳಗೆ ಬಗ್ಗಿದಾಗ ನಿನ್ನೆ ಕಳೆದುಹೋದ ರಬ್ಬರ್ ಸಿಗುತ್ತದೆ. ಅದು ಪುಟಿಯುತ್ತದೆಯಾ ಅಂತ ನೋಡುತ್ತಾನೆ. ಕಿಟಕಿಯಾಚೆ ಅಡಿಕೆ ಮರಕ್ಕೆ ಏನೋ ಹತ್ತುತ್ತಿದೆ, ಕೆಂಜಳಿಲಾ? ಹತ್ತು ನಿಮಿಷ ಬಿಟ್ಟು ನೀವು ಬಂದರೆ ಒಂದು ಕಾಲಿಗೆ ಸಾಕ್ಸ್, ಕೈಯಲ್ಲಿ ರಬ್ಬರ್, ಬಸ್ ಹಾರ್ನ್ ಹಾಕುತ್ತಿದೆ. ‘ಎಷ್ಟು ಸಲ ಹೇಳೋದು ನಿಂಗೆ!’ ಎಷ್ಟು ಸಲ ಹೇಳಿದರೂ ಆಗುವುದಿಲ್ಲ, ಯಾಕೆಂದರೆ ಅವನಿಗೆ ಗೊತ್ತಿಲ್ಲದೆ ಆದದ್ದಲ್ಲ ಇದು. ಸಾಕ್ಸ್ ಹಾಕಬೇಕು ಅಂತ ಗೊತ್ತು. ಗೊತ್ತಿರುವುದು ಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ.

ನಾನು ಇಲ್ಲಿ ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ. ಉಪದೇಶ, ಬೈಗುಳ, ‘ರಾತ್ರಿ ಅಪ್ಪ ಬರಲಿ’ ಎಂಬ ಬೆದರಿಕೆ, ಇವೆಲ್ಲ ಗೊತ್ತಿಲ್ಲದವರಿಗೆ ತಿಳಿಸುವ ಉಪಾಯಗಳು. ಇವನಿಗೆ ಸಹಾಯ ಬೇಕಾಗಿರುವುದು ಕೆಲಸ ನಡೆಯುವ ಜಾಗದಲ್ಲಿ, ಆ ನಿಮಿಷದಲ್ಲಿ. ಮುಂದೆ ಹೇಳುವ ಉಪಾಯಗಳೆಲ್ಲ ಇದರ ಮೇಲೇ ನಿಂತಿವೆ.

‘ಇದೆಲ್ಲ ಮೊಬೈಲ್ ಬಂದ ಮೇಲೆ ಬಂದದ್ದು’ ಅನ್ನುವವರು ನಿಮ್ಮೂರಲ್ಲೂ ಇರುತ್ತಾರೆ. 1798ರಲ್ಲೇ ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಯಾವುದರ ಮೇಲೂ ಗಮನ ನಿಲ್ಲಿಸಲಾಗದ, ಸಣ್ಣ ಸದ್ದಿಗೂ ಚಡಪಡಿಸುವವರ ಬಗ್ಗೆ ಬರೆದಿದ್ದ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆಯೇ ಉಪನ್ಯಾಸಗಳನ್ನು ಕೊಟ್ಟರು. ಆಗ ಕರೆಂಟೇ ಎಲ್ಲ ಮನೆಯಲ್ಲಿ ಇರಲಿಲ್ಲ. ಜಾಸ್ತಿ ಮೊಬೈಲ್ ಯಾವ ಮಗುವಿಗೂ ಒಳ್ಳೆಯದಲ್ಲ, ನಿದ್ದೆ ಕೆಡಿಸುತ್ತದೆ, ಇರುವ ತೊಂದರೆಯನ್ನು ಹೆಚ್ಚಿಸುತ್ತದೆ. ಮೂಲ ಮಾತ್ರ ಅದಲ್ಲ. ಸಕ್ಕರೆಯೂ ಅಲ್ಲ, ಜಾತ್ರೆಯಲ್ಲಿ ಒಂದು ಮಿಠಾಯಿ ತಿನ್ನಲಿ ಬಿಡಿ. ಒಂದೆಲಗದ ತಂಬುಳಿ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ಊಟಕ್ಕೆ ಮಾಡಿ, ರುಚಿಯಾದ ಪದಾರ್ಥ. ಅದನ್ನೇ ಚಿಕಿತ್ಸೆ ಅಂದುಕೊಂಡು ಎರಡು ವರ್ಷ ಕಾಯಬೇಡಿ.

ಜಗತ್ತಿನಲ್ಲಿ ಮಕ್ಕಳಲ್ಲಿ ಸುಮಾರು ಶೇಕಡಾ 5ರಷ್ಟು ಮಂದಿಗೆ ಇದು ಇದೆ ಅಂತ ಅಂದಾಜು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇಬ್ಬರು. ಒಬ್ಬ ನಿಮ್ಮ ಮಗನಂಥವನು, ಎಲ್ಲರ ಕಣ್ಣಿಗೂ ಬೀಳುತ್ತಾನೆ. ಇನ್ನೊಬ್ಬಳು ಬಹುಶಃ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುವ ಹುಡುಗಿ. ಗಲಾಟೆ ಇಲ್ಲ, ದೂರೂ ಇಲ್ಲ. ಪಾಠ ಯಾವಾಗ ಮುಗಿಯಿತು ಅಂತಲೂ ಅವಳಿಗೆ ಗೊತ್ತಿಲ್ಲ. ‘ಪಾಪದ ಹುಡುಗಿ, ಸ್ವಲ್ಪ ಮಂದ’ ಅಂತ ಹೇಳಿ ಮುಂದಿನ ಕ್ಲಾಸಿಗೆ ಕಳಿಸುತ್ತಾರೆ. ಈ ಪತ್ರ ಓದುತ್ತಿರುವ ಟೀಚರುಗಳು ಅವಳನ್ನು ಒಮ್ಮೆ ನೆನಪಿಸಿಕೊಂಡರೆ ಒಳ್ಳೆಯದಿತ್ತು.

ಇನ್ನು ಪತ್ತೆ ಹಚ್ಚುವುದು. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿನಿಂದಾಗಲಿ ಎಡಿಎಚ್‌ಡಿ ಗೊತ್ತಾಗುವುದಿಲ್ಲ. ಯಾರಾದರೂ ಬ್ರೇನ್ ಮ್ಯಾಪಿಂಗ್ ಅಂತ ಸಾವಿರಗಟ್ಟಲೆ ಕೇಳಿದರೆ ಆ ದುಡ್ಡನ್ನು ಉಳಿಸಿಕೊಳ್ಳಿ. ವೈದ್ಯರು ಮಾಡುವುದು ಕೇಳುವ ಕೆಲಸ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯನ್ನು ನಮ್ಮಲ್ಲೂ ಬಳಸುತ್ತಾರೆ. ಅದರಲ್ಲಿ ಗಮನಕ್ಕೆ ಸಂಬಂಧಿಸಿ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿ 9 ಲಕ್ಷಣ ಇವೆ. ಮಕ್ಕಳಲ್ಲಿ ಒಂದು ಗುಂಪಿನ 6 ಲಕ್ಷಣಗಳಾದರೂ ಕನಿಷ್ಠ 6 ತಿಂಗಳಿಂದ ಇರಬೇಕು. ಕೆಲವಾದರೂ 12 ವರ್ಷಕ್ಕೆ ಮುಂಚೆ ಕಾಣಿಸಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ನಿಜವಾಗಿ ತೊಡಕಾಗಿರಬೇಕು. ಒಂದೇ ಕಡೆ ಮಾತ್ರ ಕಾಣುತ್ತಿದ್ದರೆ ಕಾರಣ ಬೇರೆ ಇರಬಹುದು. ಶಾಲೆಯಲ್ಲಿ ಯಾರೋ ಕಾಡುತ್ತಿರಬಹುದು, ಮನೆಯಲ್ಲಿ ಏನೋ ಜಗಳ ಇರಬಹುದು.

ಎಡಿಎಚ್‌ಡಿಯಂತೆಯೇ ಕಾಣುವ ಬೇರೆ ತೊಂದರೆಗಳೂ ಇವೆ, ಒಳ್ಳೆಯ ವೈದ್ಯರು ಮೊದಲು ಅವನ್ನು ನೋಡುತ್ತಾರೆ. ಕಿವಿ ಸರಿಯಾಗಿ ಕೇಳುತ್ತದೆಯಾ? ಬೋರ್ಡ್ ಕಾಣುತ್ತದೆಯಾ? ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಸರಿ ಇದೆಯಾ? ರಾತ್ರಿ ಗೊರಕೆ ಹೊಡೆದು, ಬಾಯಿ ತೆರೆದು ಮಲಗುವ ಮಗುವಿಗೆ ಮೂಗಿನ ಹಿಂದೆ ಅಡಿನಾಯ್ಡ್ ಗಂಟು ದಪ್ಪವಾಗಿ ನಿದ್ದೆ ಹರಿಯುತ್ತಿರಬಹುದು. ಅಂಥ ಮಗು ಹಗಲು ತೂಕಡಿಸುವುದಕ್ಕಿಂತ ಜಾಸ್ತಿ ಕುಣಿಯುತ್ತದೆ. ಮಾತಾಡುತ್ತಿದ್ದ ಹಾಗೇ ಹತ್ತು ಸೆಕೆಂಡು ಶೂನ್ಯ ನೋಡುತ್ತಾ ನಿಂತು, ಕರೆದರೂ ತಿಳಿಯದೆ, ಮತ್ತೆ ಏನೂ ಆಗಿಲ್ಲ ಅನ್ನುವ ಹಾಗೆ ಮುಂದುವರಿಸಿದರೆ ಅದು ಮೂರ್ಛೆಯ ಒಂದು ಬಗೆ ಇರಬಹುದು, ತಡಮಾಡದೆ ತೋರಿಸಿ.

ಎಡಿಎಚ್‌ಡಿ ಜೊತೆಗೇ ಓದು, ಬರಹ, ಲೆಕ್ಕದ ಕಲಿಕಾ ತೊಂದರೆಯೂ ಇರುವುದು ಅಪರೂಪವಲ್ಲ. ಇದಕ್ಕೆ ನೋಟ್‌ಬುಕ್ ಒಳ್ಳೆಯ ಸಾಕ್ಷಿ. ಗಮನದ್ದೇ ತೊಂದರೆಯಾದರೆ ಸಾಮಾನ್ಯವಾಗಿ ಮೊದಲ ನಾಲ್ಕು ಲೆಕ್ಕ ಸರಿ, ಅಕ್ಷರವೂ ದುಂಡು. ಐದನೆಯದರಲ್ಲಿ ಕೂಡಿಸುವ ಬದಲು ಕಳೆದಿರುತ್ತಾನೆ, ಆರನೆಯದರಲ್ಲಿ 36 ಇದ್ದದ್ದು 63 ಆಗಿರುತ್ತದೆ, ಎಂಟರ ಹೊತ್ತಿಗೆ ಸಾಲು ಗೆರೆ ಬಿಟ್ಟು ಇಳಿದಿರುತ್ತದೆ. ಮೊದಲ ಲೆಕ್ಕದಿಂದಲೇ ದಾರಿ ತಪ್ಪಿದ್ದರೆ, ಒತ್ತಕ್ಷರಗಳು ದಿನಾ ಒಂದೊಂದು ರೀತಿ ಬಂದರೆ ಕಲಿಕೆಯ ಪರೀಕ್ಷೆಯನ್ನೂ ಮಾಡಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಹೆಸರಿಲ್ಲ. ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲ ಕೇಳಬೇಕಾದಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಈಗ ಮನೆ. ಡಾಕ್ಟರ ಹತ್ತಿರ ಹೋಗುವುದಕ್ಕೆ ಮುಂಚೆಯೇ ಶುರು ಮಾಡಬಹುದಾದದ್ದು ತುಂಬ ಇದೆ. ಎಡಿಎಚ್‌ಡಿ ಇಲ್ಲ ಅಂತ ಆದರೂ ಇದರಿಂದ ನಷ್ಟವಿಲ್ಲ.

ಮೊದಲು ಕೊಡೆ ಬಿಟ್ಟುಬಿಡಿ. ‘ಜವಾಬ್ದಾರಿ ಕಲಿಯಲಿ’ ಅಂತ ನಾಲ್ಕನೆಯ ಕೊಡೆ ಕೊಟ್ಟರೆ ಅದೂ ಬಸ್ಸಿನಲ್ಲೇ ಉಳಿಯುತ್ತದೆ. ರೇನ್‌ಕೋಟ್ ಕೊಡಿಸಿ, ಅದನ್ನು ಸಿಕ್ಕಿಸಲು ಬ್ಯಾಗಿಗೆ ಗಟ್ಟಿಯಾದ ಒಂದು ಕೊಕ್ಕೆ ಹೊಲಿಸಿ. ಪೆನ್ಸಿಲ್ಲಿಗೂ ಹಾಗೇ, ಒಂದು ಡಬ್ಬ ಕ್ಲಾಸಿನಲ್ಲೇ ಇರಲಿ. ಜವಾಬ್ದಾರಿ ಕಲಿಸಲು ಬೇರೆ ನೂರು ಸಂದರ್ಭ ಸಿಗುತ್ತದೆ.

ಕೂಗಿ ಹೇಳಬೇಡಿ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಮುಖ ನೋಡಿ, ಒಂದೇ ಕೆಲಸ ಹೇಳಿ. ‘ಏನು ಹೇಳಿದೆ?’ ಅಂತ ಅವನ ಬಾಯಿಂದಲೇ ಹೇಳಿಸಿ. ಅದು ಮುಗಿದ ಮೇಲೆ ಮುಂದಿನದು. ಬೆಳಗಿನ ಕೆಲಸಗಳನ್ನು ಅವನ ಕೈಯಲ್ಲೇ ಚಿತ್ರ ಬರೆಸಿ ಬಚ್ಚಲಿಗೆ ಹೋಗುವ ದಾರಿಯ ಗೋಡೆಗೆ ಅಂಟಿಸಿ. ಪುಸ್ತಕದೊಳಗೆ ಇಟ್ಟ ಟೈಂಟೇಬಲ್ ಇವನ ಪಾಲಿಗೆ ಇಲ್ಲದ ಟೈಂಟೇಬಲ್.

ಹೋಂವರ್ಕ್ ರಾತ್ರಿ ಊಟದವರೆಗೆ ಎಳೆಯಬಾರದು. ಶಾಲೆಯಿಂದ ಬಂದು, ತಿಂಡಿ ತಿಂದು, ಅಂಗಳದಲ್ಲಿ ಅರ್ಧ ಗಂಟೆ ಓಡಿ ಬಂದ ಮೇಲೆ ಕೂರಿಸಿ. ಹೊರಗೆ ಮಳೆ ಹೊಯ್ಯುತ್ತಿದ್ದರೆ ಜಗಲಿಯಲ್ಲೇ ಹಗ್ಗದಾಟ ಆಡಲಿ. ಹತ್ತು ಲೆಕ್ಕದ ಪುಟದ ಮೇಲೆ ಒಂದು ರಟ್ಟು ಇಟ್ಟು ಎರಡೇ ಲೆಕ್ಕ ಕಾಣುವ ಹಾಗೆ ಮಾಡಿ. ಹತ್ತು ನಿಮಿಷ ಕೆಲಸ, ಮೂರು ನಿಮಿಷ ಬಿಡುವು. ನೀವು ಪಕ್ಕದಲ್ಲೇ ಅಕ್ಕಿ ಆರಿಸುತ್ತಲೋ ಬೀನ್ಸ್ ಮುರಿಯುತ್ತಲೋ ಕೂತಿರಿ. ಪಾಠ ಹೇಳಿಕೊಡಬೇಕಿಲ್ಲ, ಪಕ್ಕದಲ್ಲಿ ಕೂತರೆ ಸಾಕು. ನಿಂತು ಬರೆಯುತ್ತೇನೆ ಅಂದರೆ ನಿಂತೇ ಬರೆಯಲಿ.

ಬಹುಮಾನ ಆಗಿಂದಾಗಲೇ ಸಿಗಬೇಕು. ‘ಒಳ್ಳೆ ಮಾರ್ಕ್ಸ್ ತೆಗೆದರೆ ಏಪ್ರಿಲ್‌ನಲ್ಲಿ ಸೈಕಲ್’ ಎಂಬ ಮಾತು ಇವನಿಗೆ ಇನ್ನೊಂದು ಜನ್ಮದ ಮಾತು. ಒಂದು ಗಾಜಿನ ಬಾಟಲಿ, ಒಂದಷ್ಟು ಹುಣಸೆ ಬೀಜ ಇಟ್ಟುಕೊಳ್ಳಿ. ಎರಡು ಲೆಕ್ಕ ಆದ ತಕ್ಷಣ ಒಂದು ಬೀಜ, ಸಾಕ್ಸ್ ಹಾಕಿದ ತಕ್ಷಣ ಒಂದು ಬೀಜ, ಅವನೇ ಟಣ್ ಅಂತ ಹಾಕಲಿ. ಹತ್ತು ಬೀಜಕ್ಕೆ ಸಂಜೆ ಏನೋ ಒಂದು: ಅಜ್ಜನ ಜೊತೆ ಚನ್ನೆಮಣೆ, ಅಪ್ಪನ ಬೈಕಿನಲ್ಲಿ ಅಂಗಡಿಗೆ ಒಂದು ಸುತ್ತು. ಒಂದು ನಿಯಮ ಮುರಿಯಬೇಡಿ: ಸಂಪಾದಿಸಿದ ಬೀಜವನ್ನು ಸಿಟ್ಟಿನಲ್ಲಿ ವಾಪಸ್ ತೆಗೆಯಬಾರದು. ಎರಡು ಮೂರು ವಾರಕ್ಕೆ ಅವನಿಗೆ ಈ ಆಟ ಬೇಜಾರಾಗುತ್ತದೆ. ಆಗ ‘ಇದೂ ಕೆಲಸ ಮಾಡಲಿಲ್ಲ’ ಅಂತ ಕೈಬಿಡಬೇಡಿ, ಬಹುಮಾನ ಬದಲಿಸಿ.

ಹೊಡೆಯಬೇಡಿ. ಧರ್ಮದ ಮಾತಲ್ಲ, ಪ್ರಯೋಜನವಿಲ್ಲ ಅಂತ ಹೇಳುತ್ತಿದ್ದೇನೆ. ಪೆಟ್ಟಿನ ನೆನಪೂ ಬೇಕಾದ ಹೊತ್ತಿಗೆ ಬರುವುದಿಲ್ಲ, ಅವಮಾನ ಮಾತ್ರ ಉಳಿಯುತ್ತದೆ. ಶಿಕ್ಷೆ ಬೇಕೇ ಬೇಕಾದರೆ ಚಿಕ್ಕದಿರಲಿ, ಅಲ್ಲಿಗಲ್ಲೇ ಮುಗಿಯಲಿ.

ನಮ್ಮ ಕಡೆಯದೇ ಆದ ಎರಡು ವಿಷಯ ಇದೆ. ಜುಲೈನಲ್ಲಿ ಮಳೆ ರಜೆ ಸಾಲುಸಾಲಾಗಿ ಬಂದಾಗ ಈ ಮಕ್ಕಳ ದಿನಚರಿ ಪೂರ್ತಿ ಕಳಚಿಹೋಗುತ್ತದೆ. ರಜೆಯಿದ್ದರೂ ಏಳುವ, ತಿನ್ನುವ, ಮಲಗುವ ಹೊತ್ತು ಅದೇ ಇರಲಿ. ಈ ವಯಸ್ಸಿಗೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ಎರಡನೆಯದು ಹಳ್ಳ, ಕೆರೆ, ಕಾಲುಸಂಕ. ದುಡುಕು ಇರುವ ಮಕ್ಕಳಿಗೆ ಅಪಘಾತ ಆಗುವುದು ಜಾಸ್ತಿ. ‘ಅವನಿಗೆ ಬುದ್ಧಿ ಹೇಳಿದ್ದೇವೆ’ ಅಂತ ತುಂಬಿದ ಹಳ್ಳ ದಾಟಲು ಒಬ್ಬನನ್ನೇ ಬಿಡಬೇಡಿ. ಬೇಸಿಗೆಯಲ್ಲಿ ಈಜು ಕಲಿಸಿ.

ಶಾಲೆಗೆ ಹೋದಾಗ ಜಗಳದ ಧ್ವನಿ ಬೇಡ, ಬೇಡಿಕೆ ಸಣ್ಣದಿರಲಿ. ಕಿಟಕಿ, ಬಾಗಿಲು ಎರಡರಿಂದಲೂ ದೂರ, ಟೀಚರಿಗೆ ಹತ್ತಿರ ಜಾಗ. ಬೋರ್ಡ್ ಒರೆಸುವುದು, ಪುಸ್ತಕ ಹಂಚುವುದು, ಆಫೀಸಿಗೆ ಹಾಜರಿ ಪುಸ್ತಕ ಒಯ್ಯುವುದು ಇವನ ಕೆಲಸವಾಗಲಿ; ಹೇಗಿದ್ದರೂ ಏಳುತ್ತಾನೆ, ಕೆಲಸಕ್ಕೆ ಏಳಲಿ. ಹತ್ತು ಲೆಕ್ಕದ ಬದಲು ಐದು ಮಾಡಿ ತೋರಿಸಿದರೆ ಬಂದಿದೆ ಅಂತ ಒಪ್ಪಬೇಕು. ಆಟದ ಪೀರಿಯಡ್ ಕಿತ್ತುಕೊಂಡು ಬರೆಸುವುದು ಮಾತ್ರ ಬೇಡವೇ ಬೇಡ. ಇವನಿಗೆ ಅದೇ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು. ಹೊಡೆಯುವ, ಹಂಗಿಸುವ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ನಿಮ್ಮ ಟೀಚರ್ ಕಾಳಜಿಯವರಂತೆ ಕಾಣುತ್ತಾರೆ, ಆ ಮಾತು ಎತ್ತುವ ಪ್ರಸಂಗ ಬರಲಿಕ್ಕಿಲ್ಲ.

ಮಾತ್ರೆ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಅಪ್ಪ-ಅಮ್ಮನಿಗೆ ತರಬೇತಿ, ಮಾತ್ರೆ ಆಮೇಲೆ. ನಿಮ್ಮ ಮಗನ ವಯಸ್ಸಿಗೆ, ತೊಂದರೆ ಸಾಕಷ್ಟಿದ್ದರೆ, ಎರಡೂ ಒಟ್ಟಿಗೆ ನಡೆಯಬಹುದು. ಹೆಚ್ಚು ಬಳಕೆಯಲ್ಲಿರುವುದು ಮಿಥೈಲ್‌ಫೆನಿಡೇಟ್. 1944ರಲ್ಲಿ ತಯಾರಾದ ಔಷಧಿ ಇದು, ಮಕ್ಕಳಲ್ಲಿ ಇದರಷ್ಟು ಅಧ್ಯಯನ ಕಂಡ ಮನೋವೈದ್ಯಕೀಯ ಔಷಧಿಗಳು ಕಡಿಮೆ. ಇದು ನಿದ್ದೆ ಬರಿಸುವ ಮಾತ್ರೆಯಲ್ಲ, ಮೆದುಳಿನ ಮುಂಭಾಗವನ್ನು ಎಚ್ಚರಿಸುವಂಥದ್ದು. ಸಾಮಾನ್ಯ ಮಾತ್ರೆಯ ಪರಿಣಾಮ ನಾಲ್ಕು ಗಂಟೆ ಆಸುಪಾಸು, ನಿಧಾನಕ್ಕೆ ಕರಗುವ ಬಗೆಯದು ಶಾಲೆಯ ದಿನ ಮುಗಿಯುವವರೆಗೂ ಇರುತ್ತದೆ. ಮಗು ಮಂಕಾಗಿ, ನಗು ಕಳೆದುಕೊಂಡು ಕೂತರೆ ಸಾಮಾನ್ಯವಾಗಿ ಪ್ರಮಾಣ ಜಾಸ್ತಿಯಾಗಿದೆ ಅಥವಾ ಆ ಔಷಧಿ ಅವನಿಗೆ ಹೊಂದಿಲ್ಲ ಅಂತ ಅರ್ಥ. ತಕ್ಷಣ ವೈದ್ಯರಿಗೆ ಹೇಳಿ, ಬದಲಿಸುತ್ತಾರೆ. ಮಂಕಾದ ಮಗುವನ್ನು ಸಹಿಸಿಕೊಂಡಿರಬೇಕು ಅಂತಿಲ್ಲ.

ಅಡ್ಡಪರಿಣಾಮ ಇಲ್ಲವೇ ಇಲ್ಲ ಅನ್ನುವವರನ್ನು ನಂಬಬೇಡಿ. ಹಸಿವು ಕಡಿಮೆಯಾಗುತ್ತದೆ, ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರಬಹುದು. ಆದ್ದರಿಂದ ಮಾತ್ರೆಗೆ ಮುಂಚೆ ಬೆಳಗ್ಗೆ ಹೊಟ್ಟೆತುಂಬ ದೋಸೆಯೋ ಕಡುಬೋ ತಿನ್ನಿಸಿ, ಸಂಜೆ ಹಸಿವು ಮರಳಿದಾಗ ಚೆನ್ನಾಗಿ ಊಟ ಕೊಡಿ. ಕೆಲವರಿಗೆ ಹೊಟ್ಟೆನೋವು, ತಲೆನೋವು, ನಿದ್ದೆ ತಡವಾಗುವುದು. ಎತ್ತರ ಬೆಳೆಯುವುದು ಸ್ವಲ್ಪ ನಿಧಾನವಾಗಬಹುದು. ಅದಕ್ಕೇ ಕೆಲವು ತಿಂಗಳಿಗೊಮ್ಮೆ ತೂಕ, ಎತ್ತರ, ಬಿಪಿ, ನಾಡಿ ನೋಡಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆ ಆದವರಿದ್ದರೆ, ಮಗು ಆಡುವಾಗ ತಲೆತಿರುಗಿ ಬಿದ್ದದ್ದಿದ್ದರೆ ಮೊದಲೇ ಹೇಳಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ಬಾಯಿಂದ ತೆಗೆದುಕೊಂಡರೆ ಮಕ್ಕಳಿಗೆ ಚಟ ಹತ್ತುವ ಭಯ ಬೇಡ. ಆದರೂ ಇದು ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ. ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ, ಚೀಟಿ ಇಲ್ಲದೆ ಕೊಡುವುದಿಲ್ಲ. ಎಲ್ಲಿ ಸಿಗುತ್ತದೆ ಅಂತ ಬರೆದುಕೊಟ್ಟವರನ್ನೇ ಕೇಳಿ, ಮುಗಿಯುವ ಒಂದು ವಾರ ಮೊದಲೇ ತರಿಸಿ. ಅಟೊಮಾಕ್ಸಿಟಿನ್ ಎಂಬ ಇನ್ನೊಂದು ಔಷಧಿ ಇದೆ. ಅದರ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಬೇಕು, ದಿನ ತಪ್ಪಿಸಬಾರದು. ಯಾವುದೇ ಮಾತ್ರೆ ಎಡಿಎಚ್‌ಡಿಯನ್ನು ಬುಡಸಮೇತ ಕೀಳುವುದಿಲ್ಲ. ಒಳಗೆ ಇರುವವರೆಗೆ ಮಗುವಿಗೆ ಒಂದು ಅವಕಾಶ ಕೊಡುತ್ತದೆ. ಆ ಹೊತ್ತಿನಲ್ಲಿ ಅವನು ಏನು ಕಲಿಯುತ್ತಾನೆ ಅನ್ನುವುದು ನಿಮ್ಮ ಮತ್ತು ಟೀಚರ ಕೈಯಲ್ಲಿ.

ಈಗ ಮಾವನವರ ಮಾತಿನ ಎರಡನೇ ಅರ್ಧ. ‘ಸರಿಹೋದ’ ಅನ್ನುವುದು ಕುಣಿತದ ಮಟ್ಟಿಗೆ ನಿಜ. ಹತ್ತು ವರ್ಷಕ್ಕೆ ಮರ ಹತ್ತುತ್ತಿದ್ದವನು ನಲವತ್ತಕ್ಕೆ ಹತ್ತುವುದಿಲ್ಲ. ಚಡಪಡಿಕೆ ಒಳಗೆ ಸರಿಯುತ್ತದೆ. ಮರೆವು, ಮುಂದೂಡುವುದು, ಮೂರು ಕೆಲಸ ಶುರು ಮಾಡಿ ಮೂರನ್ನೂ ಅರ್ಧಕ್ಕೆ ಬಿಡುವುದು, ಹೊತ್ತಿನ ಅಂದಾಜೇ ಸಿಗದಿರುವುದು, ಸಣ್ಣ ಮಾತಿಗೆ ಭುಗಿಲೆದ್ದು ಐದು ನಿಮಿಷಕ್ಕೆ ತಣ್ಣಗಾಗುವುದು, ಇವು ಉಳಿಯುತ್ತವೆ. ಬಾಲ್ಯದಲ್ಲಿ ಎಡಿಎಚ್‌ಡಿ ಇದ್ದವರಲ್ಲಿ ಬಹಳ ಮಂದಿಗೆ ದೊಡ್ಡವರಾದ ಮೇಲೂ ಒಂದಲ್ಲ ಒಂದು ಲಕ್ಷಣ ತೊಂದರೆ ಕೊಡುತ್ತಲೇ ಇರುತ್ತದೆ. ಮಗನಿಗೆ ಪತ್ತೆಯಾದ ಮೇಲೆ ‘ಡಾಕ್ಟ್ರೇ, ನೀವು ಕೇಳಿದ್ದೆಲ್ಲ ನಂಗೂ ಇದೆಯಲ್ಲ’ ಅನ್ನುವ ಅಪ್ಪಂದಿರು ನಮ್ಮ ವೃತ್ತಿಯಲ್ಲಿ ಯಾರಿಗೂ ಹೊಸಬರಲ್ಲ.

ನಿಮ್ಮ ಯಜಮಾನರನ್ನು ಸ್ವಲ್ಪ ಗಮನಿಸಿ ನೋಡಿ. ಸುಲಿತದ ಕಾಲದಲ್ಲಿ ಹತ್ತು ಜನರ ಮಧ್ಯೆ ಕೂತು, ಹರಟೆ ಹೊಡೆಯುತ್ತಾ, ನಡುರಾತ್ರಿವರೆಗೂ ಅಡಿಕೆ ಸುಲಿಯುತ್ತಾರಾ? ಗಾಳಿಗೆ ಮರ ಬಿದ್ದು ಲೈನ್ ಹರಿದ ದಿನ ಎಲ್ಲರಿಗಿಂತ ಮುಂದೆ ಓಡಿ ನಿಂತು ಎಲ್ಲ ಸರಿಮಾಡಿಸುತ್ತಾರಾ? ಅದೇ ಮನುಷ್ಯ ಸೊಸೈಟಿಯ ಸಾಲದ ಕಾಗದ ಒಂದನ್ನು ಒಬ್ಬರೇ ಕೂತು ತುಂಬಲು ಎರಡು ತಿಂಗಳು ಮಾಡುತ್ತಾರಾ? ಹೌದು ಅಂತಾದರೆ ಅದು ಬೇಜವಾಬ್ದಾರಿ ಅಂತ ತೀರ್ಮಾನಿಸುವ ಮುಂಚೆ ಸ್ವಲ್ಪ ತಡೆಯಿರಿ. ಜೊತೆಗೆ ಜನ ಇದ್ದಾಗ, ತುರ್ತು ಇದ್ದಾಗ ಬರುವ ಹಿಡಿತ ಒಬ್ಬರೇ ಇದ್ದಾಗ ಬರುತ್ತಿಲ್ಲ. ಮಗ ನಿಮ್ಮ ಪಕ್ಕದಲ್ಲಿ ಕೂತು ಲೆಕ್ಕ ಮಾಡುವುದೂ ಇದೇ ಕಾರಣಕ್ಕೆ.

ಹಾಗಾಗಿ ಔಷಧಿ ಹೊಡೆಯುವ ಕೆಲಸವನ್ನು ಅವರ ತಲೆಯಿಂದ ಹೊರಗೆ ತೆಗೆದು ಗೋಡೆಗೆ ಹಾಕಿ. ಜಗಲಿಯಲ್ಲಿ ದೊಡ್ಡ ಚೌಕದ ಕ್ಯಾಲೆಂಡರ್ ಇರಲಿ. ಮೇ ತಿಂಗಳ ಒಂದು ದಿನದ ಚೌಕದಲ್ಲಿ ‘ಔಷಧಿಯವರಿಗೆ ಫೋನ್’ ಅಂತ ಬರೆದು, ಆ ದಿನ ನೀವು ಕಾಫಿ ಹಿಡಿದು ಪಕ್ಕ ಕೂತಿರುವಾಗಲೇ ಫೋನ್ ಮಾಡಿಸಿ. ‘ಈ ಸಲವಾದರೂ ಮರೀಬೇಡಿ’ ಅಂತ ಏಪ್ರಿಲ್‌ನಿಂದ ಹೇಳುತ್ತಾ ಬರುವುದಕ್ಕಿಂತ ಆ ಎರಡು ನಿಮಿಷ ಸಾಕು. ಮೊಬೈಲಿನ ಅಲಾರಾಂ ಕೆಲಸ ಮಾಡುವ ಹೊತ್ತಿಗೇ ಹೊಡೆಯಬೇಕು, ‘ಆಮೇಲೆ ಮಾಡ್ತೀನಿ’ ಅಂತ ಆರಿಸುವ ಹೊತ್ತಿಗಲ್ಲ. ಬೈಕಿನ ಕೀ, ಪರ್ಸು, ಕನ್ನಡಕ ಇಡಲು ಬಾಗಿಲ ಬಳಿ ಒಂದೇ ಬುಟ್ಟಿ. ಸಾಲದ ಕಂತು ಬ್ಯಾಂಕಿನಿಂದ ತಾನಾಗಿ ಕಡಿತವಾಗಲಿ.

ದೊಡ್ಡವರಲ್ಲೂ ಇದನ್ನು ಪರೀಕ್ಷಿಸುತ್ತಾರೆ, ಚಿಕಿತ್ಸೆಯೂ ಇದೆ, ಔಷಧಿಯೂ ಕೆಲಸ ಮಾಡುತ್ತದೆ. 17 ತುಂಬಿದವರಿಗೆ ಒಂದು ಗುಂಪಿನ 5 ಲಕ್ಷಣ ಸಾಕು, ಆದರೆ ಬಾಲ್ಯದಲ್ಲೇ ಶುರುವಾಗಿತ್ತು ಅನ್ನುವುದಕ್ಕೆ ಆಧಾರ ಬೇಕು. ನಲವತ್ತರ ಮೇಲೆ ಹೊಸದಾಗಿ ಶುರುವಾದ ಮರೆವಿಗೆ ಕಾರಣ ಬೇರೆ ಹುಡುಕಬೇಕು: ಖಿನ್ನತೆ, ಥೈರಾಯ್ಡ್, ನಿದ್ದೆ, ಕುಡಿತ. ನಿಮ್ಮಲ್ಲಿ ಆ ಗೊಂದಲ ಕಡಿಮೆ. ಬಾಲ್ಯದ ಸಾಕ್ಷಿ ಮನೆಯಲ್ಲೇ ಇದ್ದಾರೆ, ಕೇಳದೆಯೇ ಸಾಕ್ಷಿ ಹೇಳುತ್ತಿದ್ದಾರೆ! ಮಾವನವರ ಜೊತೆ ವಾದ ಮಾಡಬೇಡಿ. ‘ಹೇಗಿದ್ದರು, ಹೇಳಿ ಮಾವ’ ಅಂತ ಕೂತು ಕೇಳಿ ಬರೆದುಕೊಳ್ಳಿ. ಗಂಡನಿಗೆ ಮಾತ್ರ ‘ನಿಮಗೂ ಅದೇ ಕಾಯಿಲೆ’ ಅಂತ ಜಗಳದ ಮಧ್ಯೆ ಹೇಳಬೇಡಿ. ಮಗನ ಸಲುವಾಗಿ ಡಾಕ್ಟರ ಎದುರು ಕೂತಾಗ ಅವರಿಗೇ ಹೊಳೆಯುತ್ತದೆ.

ಕಾಯಿಲೆಯಾ ಅಂತ ಕೇಳಿದಿರಿ. ಬಂದು ಹೋಗುವ ಜ್ವರದಂಥ ಕಾಯಿಲೆ ಅಲ್ಲ, ಸುಮ್ನೆ ಸ್ವಭಾವ ಅಂತ ಬಿಟ್ಟುಬಿಡುವಂಥದ್ದೂ ಅಲ್ಲ. ಬಿಟ್ಟರೆ ಶಾಲೆ ತಪ್ಪುವುದು, ಬೈಕ್ ಅಪಘಾತ, ಚಟ, ‘ನಾನು ಯಾವುದಕ್ಕೂ ಬಾರದವನು’ ಎಂಬ ನಂಬಿಕೆ, ಇವೆಲ್ಲದರ ಸಾಧ್ಯತೆ ಏರುತ್ತದೆ. ನನಗೆ ಈ ಕೊನೆಯದರ ಭಯವೇ ಜಾಸ್ತಿ. ಅದು ಹತ್ತು ಹನ್ನೊಂದರ ವಯಸ್ಸಿಗೆ ಒಳಗೆ ಇಳಿಯಲು ಶುರುವಾಗುತ್ತದೆ, ಆದ್ದರಿಂದ ಈಗಲೇ ಹೋಗಿ ಅನ್ನುತ್ತೇನೆ.

ನಿಮ್ಮ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಇಬ್ಬರು ಮರೆಯುವವರಿರುವ ಮನೆಯಲ್ಲಿ ನೆನಪಿಡುವ ಕೆಲಸವೆಲ್ಲ ಒಬ್ಬರ ಮೇಲೆ ಬೀಳುತ್ತದೆ. ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಮಗನ ಮೇಲೆ ಕೈ ಎತ್ತಿದ ಮೇಲೆ ರಾತ್ರಿಯೆಲ್ಲ ಸಂಕಟ, ಹೀಗೆಲ್ಲ ಆಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ದಣಿದ ತಾಯಿಯಿಂದ ಹುಣಸೆ ಬೀಜದ ಲೆಕ್ಕ ಇಡಿಸುವುದು ನ್ಯಾಯವಲ್ಲ. ವಾರದಲ್ಲಿ ಎರಡು ಸಂಜೆ ಹೋಂವರ್ಕ್‌ನ ಪಕ್ಕ ಅಜ್ಜ ಕೂರಲಿ.

ಎಲ್ಲಿಗೆ ಹೋಗುವುದು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ, ಮಕ್ಕಳ ವಿಭಾಗವೂ ಇದೆ. ಮನೋವೈದ್ಯರ ಹತ್ತಿರ ಹೋಗಲು ನಾಚಿಕೆ ಪಡುವ ಊರಲ್ಲ ಶಿವಮೊಗ್ಗ. ದಿವಂಗತ ಡಾ. ಅಶೋಕ್ ಪೈ ಅವರಂಥವರು ಇಲ್ಲೇ ಕೂತು, ಕನ್ನಡದಲ್ಲೇ ಬರೆದು ಮಾತಾಡಿ ಆ ಸಂಕೋಚವನ್ನು ಎಷ್ಟೋ ಕರಗಿಸಿದ್ದಾರೆ. ಅಷ್ಟು ದೂರ ಬೇಡ ಅನ್ನಿಸಿದರೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ವ್ಯವಸ್ಥೆ ಇದೆ, ಯಾವ ಮಂಗಳವಾರ ಅಂತ ಫೋನ್ ಮಾಡಿ ವಿಚಾರಿಸಿ ಹೊರಡಿ. ತುಂಬ ಗೊಂದಲದ ಸಂದರ್ಭದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯಕೀಯ ವಿಭಾಗ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹೋಗುವಾಗ ಈ ವರ್ಷದ ಮತ್ತು ಹೋದ ವರ್ಷದ ಲೆಕ್ಕದ ನೋಟ್‌ಬುಕ್, ಮಾರ್ಕ್ಸ್ ಕಾರ್ಡ್, ತಾಯಿ ಕಾರ್ಡ್ ಇಟ್ಟುಕೊಳ್ಳಿ. ಟೀಚರಿಂದ ಅರ್ಧ ಪುಟ ಬರೆಸಿ ತನ್ನಿ, ‘ತುಂಬ ತುಂಟ’ ಅಂತ ಅಲ್ಲ, ಒಂದು ಪೀರಿಯಡ್‌ನಲ್ಲಿ ಏನೇನು ಮಾಡುತ್ತಾನೆ ಅಂತ. ಕಿವಿ, ಕಣ್ಣು ಪರೀಕ್ಷೆ ಮೊದಲೇ ಆಗಿದ್ದರೆ ಆ ಚೀಟಿ ತನ್ನಿ. ಡಾಕ್ಟರ ಎದುರು ಅರ್ಧ ಗಂಟೆ ಮಗ ಗಪ್‌ಚಿಪ್ ಕೂತಿದ್ದರೆ ಗಾಬರಿಯಾಗಬೇಡಿ, ಹೊಸ ಜಾಗದಲ್ಲಿ ಬಹಳ ಮಕ್ಕಳು ಹಾಗೇ ಕೂರುತ್ತಾರೆ, ವೈದ್ಯರಿಗೆ ಅದು ಗೊತ್ತಿರುತ್ತದೆ. ಸರತಿಯಲ್ಲಿ ಕಾಯುವುದೇ ಅವನಿಗೆ ಕಷ್ಟ. ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ತಿನ್ನಲು ಏನಾದರೂ, ಬಿಡಿಸಲು ಒಂದು ಹಾಳೆ ಕಟ್ಟು ಬ್ಯಾಗಿನಲ್ಲಿರಲಿ. ಒಪಿಡಿ ಚೀಟಿ ಮಾಡಿಸುವಾಗ ಯಜಮಾನರ ಹೆಸರಿನಲ್ಲೂ ಒಂದು ಮಾಡಿಸಿ.